ಹಳ್ಳಿ, ಹಲ್ಲಿ

ಸ್ವಿಂಡನ್ನಿನ ಸ್ಕೌಟ್ ಹಾಲು, ಭಾನುವಾರ ಹತ್ತೂವರೆ.
ಗೋಡೆಯಲ್ಲಿ ಹಗ್ಗದ ಗಂಟು ಹಾಕುವ ಬಗೆಗಳ ಚಿತ್ರ,
ಅದರ ಪಕ್ಕ ನಾನು ಅಂಟಿಸಿದ ಒತ್ತಕ್ಷರ.
ಎರಡೂ ಒಂದೇ ಥರ ಇವೆಯಲ್ಲ ಎಂದವನು
ಏಳು ವರ್ಷದ ನೇಸರ. ಸುಳ್ಳೇನಲ್ಲ.

ಒಂಬತ್ತು ಮಕ್ಕಳು. ಜೊತೆಗೆ ಗ್ರಹಾಂ,
ಅರವತ್ತೆಂಟು, ನಿವೃತ್ತ ಪ್ಲಂಬರ್,
ಮಗ ಮದುವೆಯಾದದ್ದು ಗದಗದ ಕಡೆಯ ಹುಡುಗಿಯನ್ನು.
ಮಂಡಿ ಗಲ್ಲಕ್ಕೆ ತಾಗುವ ಕುರ್ಚಿಯಲ್ಲಿ ಕೂತು
ಎಲ್ಲರಿಗಿಂತ ದುಂಡಗೆ ಬರೆಯುತ್ತಾರೆ.
ಬಾಯಿ ತೆರೆದರೆ ಮಾತ್ರ:
"ನನ್ನ ಸೊಸೆಯ ಹಲ್ಲಿ ತುಂಬಾ ದೊಡ್ಡದು.
ಹಲ್ಲಿಯಲ್ಲಿ ಆರುನೂರು ಮನೆ.
ನಾಲೆ ಎರಡು ಕಿಲೊ ಟೊಮ್ಯಾಟೊ ಕೊಲ್ಲುತ್ತೇನೆ."
'ಹೇಳು' ಎಂಬ ಪದವನ್ನು ನಾನು ಬೋರ್ಡಿಗೇ ತರಲಿಲ್ಲ.
ಯಾಕೆಂದು ಬಲ್ಲವರು ಬಲ್ಲರು.

ನಗಬೇಡಿ ಎಂದೆ ಮಕ್ಕಳಿಗೆ. ನಕ್ಕವರ
ನಾಲಿಗೆಯೂ ಹಿಂದಕ್ಕೆ ಮಡಚುತ್ತಿರಲಿಲ್ಲ.
ನನ್ನದೇ ಸಡಿಲವಾಗಿದೆಯೋ ಏನೋ,
ಇಪ್ಪತ್ತೊಂದು ವರ್ಷ ಲ್ಯಾಬಿನಲ್ಲಿ
ರಕ್ತದ ಶೀಶೆಗಳ ಮೇಲಿನ ಹೆಸರು ಓದಿ ಓದಿ.

ಶನಿವಾರ ರಾತ್ರಿ ನೆಟ್ಟಿನಲ್ಲಿ ಹುಡುಕಲು ಕೂತೆ.
ಏನೇನಿಲ್ಲ ಅಲ್ಲಿ!
ಚುಕ್ಕಿಗಳ ಮೇಲೆ ಬೆರಳಾಡಿಸಿ 'ಅ' ಬರೆಯುವ ಆಟ,
ತಪ್ಪಿದರೆ ಅಳುವ ಆನೆ;
ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಏರಿಸಿದ
ಹಳೇ ಒಂದನೇ ಇಯತ್ತೆಯ ಪಾಠಪುಸ್ತಕ,
ಮೂವತ್ತೆರಡನೇ ಪುಟದಲ್ಲಿ ಅವರ ಹೆಬ್ಬೆರಳೂ ಸೇರಿ;
ಮೆಷಿನ್ನಿನ ಹೆಣ್ಣುದನಿ,
'ಅಮ್ಮ' ಎನ್ನುವುದೂ 'ಅಬಕಾರಿ' ಎನ್ನುವುದೂ ಅವಳಿಗೆ ಒಂದೇ.

ಕೊನೆಗೆ ಸಿಕ್ಕಿದ್ದು, ಜನ ತಮ್ಮ ದನಿಯನ್ನು
ಒಂದೊಂದೇ ಪದವಾಗಿ ಬಿಟ್ಟುಹೋದ ಒಂದು ಜಾಗ.
'ಹಳ್ಳಿ' ಒತ್ತಿದೆ.
ಹೆಸರಿಲ್ಲ. 'ಹೆಣ್ಣು, ಕೊಪ್ಪಳದ ಕಡೆ' ಅಷ್ಟೆ.
ಪದಕ್ಕೂ ಮೊದಲು ಒಂದು ಉಸಿರು,
ಪದದ ಬೆನ್ನಿಗೇ ಒಂದು ಹುಂಜ,
ಆಮೇಲೆ ತಟ್ಟೆ ಬಿದ್ದ ಸದ್ದು, ಒಳಗಿಂದ ಇನ್ನೊಬ್ಬಾಕೆ:
"ಯಾರ ಕೂಡ ಮಾತಾಡಾಕತ್ತೀಯೇ?"
ಐದು ಸೆಕೆಂಡು. ಅಳಿಸದೆ ಹಾಗೇ ಬಿಟ್ಟಿದ್ದಾಳೆ.

ಮಾರನೆಯ ದಿನ ಹಾಲಿನಲ್ಲಿ ಹತ್ತು ಸಲ ಹಾಕಿದೆ.
ಹನ್ನೊಂದನೆಯದಕ್ಕೆ ಮಕ್ಕಳು
ಹಳ್ಳಿ ಎಂದು, ಕೊಕ್ಕೊಕ್ಕೋ ಎಂದು,
ಠಣ್ ಎಂದು, ಯಾರ ಕೂಡ ಮಾತಾಡಾಕತ್ತೀಯೇ ಎಂದು
ಒಟ್ಟಿಗೇ ಕೂಗಿದರು. ಆ ಗಲಾಟೆಯಲ್ಲಿ
ಳ ಸರಿಯಾಗಿ ಬಂದದ್ದು ಅವರಿಗೇ ತಿಳಿಯಲಿಲ್ಲ.

ಗ್ರಹಾಂ ಕಣ್ಣು ಮುಚ್ಚಿ ಕೇಳುತ್ತಿದ್ದರು.
ನಲ್ಲಿಗೆ ವಾಷರ್ ಕೂರಿಸುವವರ ಹಾಗೆ
ನಾಲಿಗೆಯನ್ನು ತಿರುಗಿಸಿ, ಬಿಗಿದು, ಒಂದಿಷ್ಟು ಸಡಿಲಿಸಿ,
"ಹಳ್ಳಿ."
ಸೋರಲಿಲ್ಲ.
ಮರುಗಳಿಗೆಯೇ, "ಥ್ಯಾಂಕ್ಯೂ! ನಾಲೆ ಸೊಸೆಗೆ ಹೇ..."
ನಾನು ಬೇಗ ಬೆಲ್ ಹೊಡೆದೆ.

ಆ ವಾರವೇ ಒಂದು ಬೆಳಗ್ಗೆ, ರಾತ್ರಿಪಾಳಿ ಮುಗಿಸಿ ಬಂದು
ಅದೇ ಜಾಗ ತೆರೆದರೆ ಒಂದು ಪಟ್ಟಿ:
ಇನ್ನೂ ದನಿ ಸಿಗದ ಪದಗಳು.
ಎಳೆಬಿಸಿಲು ಇತ್ತು ಅದರಲ್ಲಿ.
ಫೆಬ್ರವರಿಯ ಸ್ವಿಂಡನ್ನಿನಲ್ಲಿ ಎಳೆಬಿಸಿಲಿಗೆ
ನನ್ನ ಗೊರಗೊರ ಗಂಟಲು ಸಾಕಾದೀತೆ?
ಕಿಟಕಿ ಮುಚ್ಚಿದೆ, ಫ್ರಿಜ್ಜು ಆರಿಸಿದೆ, ಹೇಳಿದೆ.
ತೀರಾ ಶುದ್ಧವಾಗಿತ್ತು, ಮೆಷಿನ್ನಿನವಳ ತಂಗಿಯ ಹಾಗೆ.
ಅಳಿಸಿದೆ.
ಕಿಟಕಿ ತೆರೆದೆ. ಕೆಳಗೆ ಕಸದ ಲಾರಿ
ರಿವರ್ಸ್ ಬರುತ್ತ ಬೀಪ್ ಬೀಪ್ ಅನ್ನುತ್ತಿತ್ತು,
ಯಾರೋ ಯಾರಿಗೋ ಬೈಯುತ್ತಿದ್ದರು.
ಅದರ ನಡುವೆ ತೂರಿಸಿ ಇನ್ನೊಮ್ಮೆ ಹೇಳಿ
ಕಳಿಸಿ ಮಲಗಿಬಿಟ್ಟೆ.

ಸಂಜೆ ಎದ್ದರೆ ಅಡುಗೆಮನೆಯ ನೆಲವೆಲ್ಲ ನೀರು.
ಫ್ರಿಜ್ಜು ಹಾಕಲು ಮರೆತಿದ್ದೆ.