ಏಳನೇ ಪುಟದ ಕೆಳಗೆ

ಮಡಿಕೇರಿಯಲ್ಲಿ ರಾತ್ರಿ ಹತ್ತೂವರೆಗೆ ಪುಟ ಕಟ್ಟುವವಳು ನಾನು.
ಯಾರ ಸಂಕಟ ಎಷ್ಟು ಸೆಂಟಿಮೀಟರ್ ಎಂದು
ನನ್ನ ಮೌಸಿಗೆ ಗೊತ್ತು.

ಆ ವಾರ ಇಬ್ಬರು.
ಒಬ್ಬಳು ಗಾಳಿಬೀಡು ಕಡೆಯ ಹೋಂಸ್ಟೇಗೆ ಬಂದವಳು,
ಒಬ್ಬಳು ಸಿದ್ದಾಪುರದಾಚೆ ಲೈನ್‌ಮನೆಯಲ್ಲಿ ಹುಟ್ಟಿ
ಅಲ್ಲೇ ಸತ್ತವಳು.

ಮೊದಲನೆಯವಳಿಗೆ ಮುಖಪುಟ, ಐದು ಕಾಲಂ,
ಮುಖದ ಮೇಲೆ ನಾನೇ ಎಳೆದ ಮಂಜು.
"ಹೆಸರು ಬದಲಿಸಲಾಗಿದೆ" ಎಂದು ಹಾಕಲು
ಒಂದು ಒಳ್ಳೆಯ ಹೆಸರು ಹುಡುಕಿದೆವು,
ಚಹಾ ಕುಡಿಯುತ್ತ, ನಾಲ್ಕು ಜನ,
ತೊಟ್ಟಿಲ ಮಗುವಿಗೆ ಹುಡುಕುವ ಹಾಗೆ.

ಎರಡನೆಯವಳ ಹೆಸರು ಬಂದದ್ದೇ ಮೂರು ಥರ:
ಠಾಣೆಯ ಚೀಟಿಯಲ್ಲಿ ಬೋಲಾಜಿ,
ವರದಿಗಾರ ಮಂದಪ್ಪನ ವಾಟ್ಸಾಪಿನಲ್ಲಿ ಬಳ್ಳಚಿ,
ತೋಟದ ಚೆಕ್‌ರೋಲಿನಲ್ಲಿ ಹೆಣ್ಣಾಳು, ಹದಿನಾಲ್ಕು.
ಚೆಕ್‌ರೋಲ್ ಬರೆಯುವವನು ರೈಟರು.
ಕಡೆಯ ಸಲ ಅವಳನ್ನು ಗೋದಾಮಿಗೆ ಕರೆದವನೂ ಅವನೇ,
ಇದು ಲೈನಿನವರ ಮಾತು.
ಮಾತಿಗೆ ಸಹಿ ಇಲ್ಲವಲ್ಲ, ಬಿಟ್ಟೆವು.
"ಕುಡಿತದ ಚಟ, ಸಂಸಾರದ ಜಗಳ."
ಇದಕ್ಕೆ ಯಾರ ಸಹಿ ಇತ್ತೋ, ನಾನು ಕೇಳಲಿಲ್ಲ.

ಏಳನೇ ಪುಟದ ಕೆಳಗೆ ನಾಲ್ಕು ಸಾಲು.
ಮೆಣಸಿನ ಬಳ್ಳಿಯ ಜಾಹೀರಾತು ತುಸು ಉದ್ದ ಬಂತು,
ಮೂರು ಮಾಡಿದೆ.
ತೆಗೆದದ್ದು: ಇಬ್ಬರು ಮಕ್ಕಳಿದ್ದಾರೆ.

ಗಾಂಧಿ ಮೈದಾನದಲ್ಲಿ ಮೇಣದಬತ್ತಿ.
ಗಾಳಿಗೆ ಆರಿದವು, ಮತ್ತೆ ಹಚ್ಚಿ ಫೋಟೋಗೆ ನಿಂತರು.
ನಾನೂ ಒಂದು ಹಿಡಿದಿದ್ದೆ. ಅತ್ತಿದ್ದೆ ಕೂಡ, ಸುಳ್ಳಲ್ಲ.

ಮೂರನೇ ದಿನ ಯಾರೋ ಅವಳ ಹಳೆಯ ಚಿತ್ರ ತಂದರು:
ಕೈಯಲ್ಲಿ ಗ್ಲಾಸು, ಬಾಯ್ತುಂಬ ನಗು.
"ಅಷ್ಟು ಹೊತ್ತಿಗೆ ಹೊರಗೇನು ಕೆಲಸ" ಎಂದರು ಉತ್ತಯ್ಯ ಸಾರ್.
ಅದೇ ತಲೆಬರಹವಾಯಿತು. ಪ್ರಶ್ನೆಚಿಹ್ನೆ ನನ್ನದು.
ಮುಖದ ಮಂಜನ್ನು ಸ್ವಲ್ಪವೇ ತಿಳಿ ಮಾಡಿದೆ,
ನಗು ಕಾಣಬೇಕಲ್ಲ.

ಹೋಂಸ್ಟೇ ಮಾಲೀಕರ ಮಗ ಮಾತ್ರ ಕಡೆಯವರೆಗೂ
"ಪ್ರತಿಷ್ಠಿತ ಮನೆತನದ ಯುವಕ".
ಅಷ್ಟು ಹೊತ್ತಿಗೆ ಅವನಿಗೇನು ಕೆಲಸ ಎಂದು ಕೇಳಲು
ಯಾವ ಪುಟದಲ್ಲೂ ಜಾಗ ಸಾಲಲಿಲ್ಲ.

ಮುಂದಿನ ಭಾನುವಾರ ಸಿದ್ದಾಪುರದ ಬಸ್ಸು ಹತ್ತಿದೆ.
ಯಾಕೆಂದು ಮನೆಯಲ್ಲಿ ಹೇಳಲಿಲ್ಲ,
ನನಗೂ ಸರಿಯಾಗಿ ಗೊತ್ತಿರಲಿಲ್ಲ.
ಲೈನಿನ ಆರನೇ ಬಾಗಿಲು.
ಚಳಿಗಾಳಿ ತಡೆಯಲು ಗೋಡೆ ತುಂಬ ನಮ್ಮದೇ ಪೇಪರು,
ಗಂಜಿ ಬಳಿದು ಅಂಟಿಸಿದ್ದು.
ಎಂಟನೇ ಪುಟ ಹೊರಗೆ, ಕಾಫಿ ದರ ಹೊರಗೆ,
ಏಳು ಗೋಡೆಗೆ ಮುಖ ಹಾಕಿ ನಿಂತಿದೆ.

ಹೆಸರು ಸರಿಯಾಗಿ ಹೇಳಿ ಎಂದೆ.
ಅವ್ವ ಹೇಳಲಿಲ್ಲ, ಕರೆದಳು,
ತೋಟದ ಆ ತುದಿಗೆ ಕೇಳುವಂತೆ, ಉಣ್ಣಲು ಕರೆಯುವ ಹಾಗೆ:
ಬೊಳ್ಳಚ್ಚೀ...
ಅಂಗಳದ ನಾಯಿ ಎದ್ದು ನಿಂತಿತು.

ಬಸ್ ಟಿಕೇಟಿನ ಹಿಂದೆ ಬರೆದು ತೋರಿಸಿದೆ.
ಓದು ಬಾರದ ಕಣ್ಣಿಗೆ ಹತ್ತಿರ ಹಿಡಿದು,
ತಿರುಗಿಸಿ, ಮತ್ತೆ ಹಿಡಿದು ಕೇಳಿದಳು,
ಇಷ್ಟೇನಾ ನನ್ನ ಮಗಳು?