ಒಂದಽ ಸಾಕು, ದಾವಲಣ್ಣ

ಸೋಮವಾರ, ಗುರುವಾರ ಬ್ಯಾಡಗಿಯೊಳಗ
ಗಾಳಿಗೂ ಘಾಟು.
ಮೆಣಸಿನಕಾಯಿ ಪೇಟಿಯಿಂದ ಕೆಂಪು ಧೂಳು ಎದ್ದು
ನಮ್ಮ ಓಣಿಗೆ ತಿರಗತೈತಿ,
ಸಂಜಿ ಆಗೂದ್ರಾಗ ನನ್ನ ಔಷಧದಂಗಡಿ ಗಾಜಿನ ಮ್ಯಾಲೆ
ಬೆರಳಿಲೆ ಹೆಸರು ಬರೀಬಹುದು, ಅಷ್ಟು.

ತಲಿ ಎತ್ತೂದು ಬ್ಯಾಡ, ಸೀನು ಕೇಳಿದ್ರ ಗೊತ್ತು ಯಾರು ಬಂದ್ರಂತ.
ಹಮಾಲ ಗುದ್ಲೆಪ್ಪಂದು ಚೀಲ ಒಗದಂಗ, ಒಂದಽ ಸಲ.
ತೊಟ್ಟು ಮುರಿಯೂ ಹೆಂಗಸರದು ಸರತಿ ಪ್ರಕಾರ,
ಒಬ್ಬಾಕಿ ಮುಗಿಸಿದ್ರ ಇನ್ನೊಬ್ಬಾಕಿ ಸುರು.
ದಲಾಲಿ ಅಂಗಡಿ ಗುಮಾಸ್ತ ಕರವಸ್ತ್ರದೊಳಗ ಸೀನತಾನ,
ಕೈಗಡ ಕೇಳಿದಂಗ, ಮೆಲ್ಲಕ.

ದಾವಲಣ್ಣಂದು ಏಳು.
ಏಳನೇದು ಮುಗಿಸಿ, ಕಣ್ಣು ಒರಸಿಕೊಂತ
"ಅಕ್ಕಾರ, ಆ ಬಿಳೀ ಗುಳಿಗಿ ಎರಡು ಕೊಡ್ರಿ.
ಒಂದು ಈಗ, ಒಂದು ಹಾದ್ಯಾಗ.
ರಾತ್ರಿ ಅರಬೈಲ ಘಾಟ ಇಳೀಬೇಕು."

ಘಾಟು ಹೇರಿಕೊಂಡು ಘಾಟ ಇಳಿಯಾವ.
ಕತ್ತರಿ ತಗೊಂಡೆ, ಹತ್ತರ ಪಟ್ಟಿಯಾಗ ಒಂದು ಕತ್ತರಿಸಿದೆ.
"ಒಂದಽ ಸಾಕು, ದಾವಲಣ್ಣ.
ಹತ್ತು ಮಿಲಿಗ್ರಾಮು, ಇಪ್ಪತ್ನಾಕು ತಾಸಿಗೆ ಒಂದು.
ಎರಡು ನುಂಗಿದ್ರ ಸೀನು ಬ್ಯಾಗ ನಿಲ್ಲಂಗಿಲ್ಲ,
ಕಣ್ಣು ಬ್ಯಾಗ ಮುಚ್ಚತಾವ.
ಅದೂ ಸ್ಟೇರಿಂಗ್ ಹಿಡದು ನುಂಗೂದಲ್ಲ,
ಗಾಡಿ ಖಾಲಿ ಮಾಡಿ, ಮನಿ ಮುಟ್ಟಿ, ಹಾಸಿಗಿ ಹಾಸಿ ನುಂಗು.
ಅವತ್ತು ಗ್ಲಾಸು ಮುಟ್ಟಬ್ಯಾಡ."

"ಹಂಗಾರ ಇವತ್ತಿಗೆ?"
ಇವತ್ತಿಗೆ ಒಂದು ಮಾಸ್ಕು,
ಮೂಗಿಗೆ ಹೊಡಕೊಳ್ಳೂ ಉಪ್ಪುನೀರಿನ ಬಾಟ್ಲಿ.
ನಕ್ಕ. "ಖಾರ ಗಾಡ್ಯಾಗ ಐತಿ, ಉಪ್ಪು ನೀವು ಕೊಟ್ರಿ,
ಇನ್ನ ರೊಟ್ಟಿ ಒಂದು ಕಡಿಮಿ."

"ಕಿಸೇದಾಗ ಇನ್ನೇನೈತಿ, ತೆಗಿ."
ನೆಗಡಿ ಗುಳಿಗಿ, ಅರ್ಧ ಪಟ್ಟಿ, ಸ್ಟ್ಯಾಂಡಿನ ಅಂಗಡೀದು.
ಹಿಂದ ತಿರುವಿ ಸಣ್ಣಕ್ಷರ ಓದಿದೆ:
ಬ್ಯಾರೆ ಹೆಸರು, ಬ್ಯಾರೆ ಬಣ್ಣ,
ಒಳಗ ಅದಽ ಗೋತ್ರ.
ಎರಡೂ ಕೂಡಿ ನುಂಗಿದ್ರ ಎರಡು ನುಂಗಿದಂಗಽ.

ಹಿಂದ ನಿಂತಿದ್ದ ಶಿವಗಂಗವ್ವ ತಾಳ್ಮಿ ಕಳಕೊಂಡ್ಲು.
"ಒಂದು ಗುಳಿಗಿ ಕೊಡಾಕ ಎಷ್ಟು ಪುರಾಣಽ ಯವ್ವಾ!
ನನ್ನ ಮೊಮ್ಮಗಗ ಅರ್ಧ ಮುರದು ಕೊಡ್ಲಿ?"
ವಯಸ್ಸೆಷ್ಟು? ಒಂದೂವರಿ.
ಮುರೀಬ್ಯಾಡ. ಡಾಕ್ಟರ್ ಹತ್ರ ಕರಕೊಂಡು ಹೋಗು.
ಅವರು ಔಷಧ ಬರದ್ರ ಅಳತಿ ಮುಚ್ಚಳದಾಗ ಹಾಕು,
ಮನಿ ಚಮಚಗಳ ಹೊಟ್ಟಿ ಒಂದೊಂದರದು ಒಂದೊಂದು ನಮೂನಿ.
ತುಟಿ ಬಾತು ಉಸುರು ಕಟ್ಟಿದಂಗಾದ್ರ
ನನ್ನ ಅಂಗಡಿ ದಾಟಿ ಓಡು, ಸೀದಾ ದವಾಖಾನಿಗೆ.

ಮೊದಲ ವರ್ಷ ನಾನೂ ಕೇಳತಿರಲಿಲ್ಲ.
ಅವ್ವಗ ಮೈ ಕಡತ. ರಾತ್ರಿ ಒಂದು ಕೊಟ್ಟೆ, ಮುಂಜಾನೆ ಇನ್ನೊಂದು.
ಕಿಡ್ನಿ ಸೋತವರ ಮೈಯಾಗಿಂದ ಇದು ತಡಾ ಹೊಕ್ಕೈತಿ,
ಡಾಕ್ಟರ್ ಕೇಳಿ ಕಡಿಮಿ ಕೊಡಬೇಕು.
ಪರೀಕ್ಷಾದಾಗ ಬರದಿದ್ದೆ ಇದನ್ನ.
ಎರಡು ಮಾರ್ಕಿನ ಪ್ರಶ್ನಿ, ಎರಡೂ ಬಂದಿದ್ವು.
ಮಧ್ಯಾನ್ಹ ಬಚ್ಚಲದ ಹೊಸ್ತಿಲದಾಗ
ನಿದ್ದಿಗಣ್ಣಿಲೆ ಬಿದ್ಲು ಅವ್ವ.
ಬಲಗೈ ಮಣಿಕಟ್ಟು ಕೂಡಿತು, ಸೊಟ್ಟ ಕೂಡಿತು.
ಈಗೂ ಎಡಗೈಲೆ ರೊಟ್ಟಿ ಬಡೀತಾಳ.
ಆ ಸಪ್ಪಳ ಬ್ಯಾರೆ ಐತಿ. ಬ್ಯಾರೇದವರಿಗೆ ತಿಳಿಯಂಗಿಲ್ಲ.

ದಾವಲಣ್ಣಂಗ ಇದನ್ನ ಹೇಳಲಿಲ್ಲ.
ಅವಧಿ ಮುಗಿಯೂ ತಾರೀಖು ಪಟ್ಟಿಯ ಆ ತುದಿಗೆ ಉಳದಿತ್ತು,
ಕತ್ತರಿಸಿದ ತುಂಡಿಗೆ ಬರಂಗಿಲ್ಲ ಅದು.
ಕವರಿನ ಮ್ಯಾಲೆ ಪೆನ್ನಿಲೆ ಬರದೆ.
ಕೆಳಗ, ದೊಡ್ಡ ಅಕ್ಷರದಾಗ: ಮನಿಗೆ ಹೋಗಿ.

ಸೋಮವಾರ ಅವ ಬರಲಿಲ್ಲ.
ಘಾಟಿನಾಗ ಯಾವುದೋ ಲಾರಿ ಉರುಳೇತಂತ,
ಚಾದಂಗಡ್ಯಾಗ ಯಾರೋ ಅಂದ್ರು,
ಯಾರದಂತ ಅವರಿಗೆ ಗೊತ್ತಿರಲಿಲ್ಲ.
ಗಾಜು ಒರಸಿದೆ. ಒರಸಿದ್ದನ್ನಽ ಮತ್ತ ಒರಸಿದೆ.

ಗುರುವಾರ, ಹೊತ್ತು ಮುಳುಗೂ ಮುಂದ,
ಕತ್ತರಿ ಕೈಯಾಗಽ ಇತ್ತು,
ಮೆಟ್ಟಲ ಕೆಳಗ ಯಾರೋ ಸೀನಿದ್ರು.
ಒಂದು. ಎರಡು.
ಶಿವಗಂಗವ್ವ ಏನೋ ಕೇಳಾಕತ್ತಿದ್ಲು, ಕೈ ತೋರಿಸಿ ತಡದೆ.
ಐದು.
ಆರು.
ಆಮ್ಯಾಲೆ ಇಡೀ ಪೇಟಿ ಉಸುರು ಹಿಡದಂಗ ಒಂದು ಗಳಿಗಿ.
ಏಳು.