ಇನ್ನೂರ ಹನ್ನೆರಡು ಮದುವೆ, ಒಂದು ಸಾಲು

ಗುರುಶಾಂತಪ್ಪನವರ ಮಗಳು ಹಾರ್ಡ್‌ಡಿಸ್ಕ್ ತಂದು
ಜೆರಾಕ್ಸ್ ಮಶೀನಿನ ಮೇಲಿಟ್ಟಳು.
'ಇದರಲ್ಲಿರೋದು ಯಾವ ಫೋನಲ್ಲೂ ಓಡಲ್ಲ ನಸ್ರು ಅಣ್ಣ,
ಏನಾದ್ರೂ ಮಾಡು.'
ಇನ್ನೂರ ಹನ್ನೆರಡು ಮದುವೆ.
ಅರಸೀಕೆರೆ, ಬಾಣಾವರ, ಜಾವಗಲ್, ಗಂಡಸಿ,
ಅತ್ತ ಕಡೂರಿನವರೆಗೆ.
ಅಷ್ಟಕ್ಕೂ ಲೈಟು ಹಿಡಿದವನು ನಾನೇ.

ಒಂದೊಂದಾಗಿ ತೆರೆದು ಒಂದೊಂದಾಗಿ ಉಳಿಸುತ್ತ ಕೂತರೆ
ಆಷಾಢ ಬಂದು ಹೋಗುತ್ತದೆ.
ಅದಕ್ಕೇ ಶಟರ್ ಅರ್ಧ ಎಳೆದು
ಆ ಕಪ್ಪು ಕಿಟಕಿ ತೆರೆದೆ.
ಗುಂಡಿಯಿಲ್ಲ, ಚಿತ್ರವಿಲ್ಲ, ಮಿನುಗುವ ಒಂದು ಕಡ್ಡಿ.
ಹೇಳಿದ್ದನ್ನು ಮಾಡುತ್ತದೆ,
ಹೇಳಬೇಕೆಂದುಕೊಂಡಿದ್ದನ್ನು ಮಾಡುವುದಿಲ್ಲ.

ಮೊದಲು ಒಂದಗುಳು ಹಿಚುಕಿ ನೋಡಬೇಕಲ್ಲ,
ಜಾವಗಲ್ಲಿನ ಮದುವೆಯ ಹತ್ತು ಸೆಕೆಂಡು ಕೊಟ್ಟೆ.
ಅಕ್ಷತೆ ಎರಚುವ ಕೈಗಳ ಅಂಚಿಗೆ
ಬಾಚಣಿಗೆ ಹಲ್ಲು ಮೂಡಿತ್ತು.
ಹಳೇ ಕ್ಯಾಮೆರಾ ಅರ್ಧ ಗೆರೆ ಈಗ, ಅರ್ಧ ಗೆರೆ ಆಮೇಲೆ
ಹಿಡಿಯುತ್ತಿತ್ತು.
ಸುಮ್ಮನೆ ನಿಂತವರು ನೆಟ್ಟಗಿದ್ದರು,
ಅಲ್ಲಾಡಿದವರೆಲ್ಲ ಸೀಳಿದ್ದರು.
ಅದಕ್ಕೊಂದು ಮದ್ದಿನ ಪದ ಸೇರಿಸಿದೆ.
ಗುಣಮಟ್ಟಕ್ಕೆ ಇಪ್ಪತ್ತು ಎಂದು ಬರೆದೆ.
ಇಲ್ಲಿ ಅಂಕಿ ಇಳಿದಷ್ಟೂ ಚಿತ್ರ ಚೆಂದ.
ನನ್ನ ಎಸೆಸೆಲ್ಸಿ ಪೇಪರು ಇಂಥವರ ಕೈಗೆ ಸಿಗಲಿಲ್ಲ.

ಆಮೇಲೆ ಕುಣಿಕೆ:
ಇಲ್ಲಿರುವ ಒಂದೊಂದಕ್ಕೂ,
ಮಾಡು,
ಆಯಿತು.
ಎಂಟರ್ ಒತ್ತಿದೆ.

ಒತ್ತಿದ್ದೇ ತಡ, ಉಗಿಯತೊಡಗಿತು.
ಗಂಗಾಂಬಿಕೆ ಎಂಬುದು ಇಲ್ಲ.
ಮದುವೆ ಎಂಬುದು ಇಲ್ಲ.
ಗಂಡಸಿ ಎಂಬುದು ಇಲ್ಲ.
ಹೆಸರು ಬರೆಯುವಾಗ ಗುರುಶಾಂತಪ್ಪ
ಪದಪದದ ನಡುವೆ ಉಸಿರಿಗೆ ಜಾಗ ಬಿಡುತ್ತಿದ್ದರು.
ಇದಕ್ಕೆ ಆ ಜಾಗವೇ ಗೋಡೆ.
ಹಸೆಮಣೆಗೆ ಕರೆತರುವಾಗ ಎರಡು ತೋಳೂ ಹಿಡಿಯುತ್ತಾರಲ್ಲ,
ಹಾಗೆ ಹೆಸರಿನ ಆಚೆಗೊಂದು ಈಚೆಗೊಂದು
ಉದ್ಧರಣ ಚಿಹ್ನೆ ನಿಲ್ಲಿಸಿದೆ.
ಈಗ ಗಂಗಾಂಬಿಕೆ ಮದುವೆ ಗಂಡಸಿ
ಒಟ್ಟಾಗಿ ಒಳಗೆ ಹೋದವು.

ಹನ್ನೊಂದಕ್ಕೆ ಗೂಡ್ಸ್ ಗಾಡಿ ಜಂಕ್ಷನ್ ದಾಟಿತು.
ನಾನು ಹುಡುಗನಾಗಿದ್ದಾಗ ಇಲ್ಲಿ ಮೀಟರ್ ಗೇಜ್ ಕಿತ್ತು
ಅಗಲ ಹಳಿ ಹಾಸಿದರು.
ಹಳೇ ಬೋಗಿ ಅದರ ಮೇಲೆ ಕೂರಲಿಲ್ಲ.
ಜನ ಕೂತರು, ಅದೇ ತೆಂಗಿನಕಾಯಿ ಮೂಟೆ,
ಕಿಟಕಿ ಪಕ್ಕಕ್ಕೆ ಅದೇ ಜಗಳ.

ಪರದೆಯಲ್ಲಿ ಮುಖವಿಲ್ಲ, ಅಂಕಿ ಓಡುತ್ತದೆ.
ಫ್ರೇಮು ಒಂಬತ್ತು ಸಾವಿರ, ವೇಗ ಮೂರು ಪಟ್ಟು.
ಧಾರೆಯೂ ಮೂರು ಪಟ್ಟು, ಬೀಗರೂಟವೂ ಮೂರು ಪಟ್ಟು,
ಮಗಳನ್ನು ಕಳಿಸುವ ಅಳುವೂ.
ನಾನು ಎಲ್ಲೂ ಇಲ್ಲ.
ಮೂಗಿನ ಮೇಲಿನ ಬಿಳುಪು ನಾನು,
ಮದುಮಗನ ಹಣೆಯ ಬೆವರು ನಾನು ತರಿಸಿದ್ದು.
ಕೆಲವು ಕಡೆ ವಾಲಗದ ಸಂದಿಯಲ್ಲಿ
'ನಸ್ರೂ, ಮೇಲೆತ್ತೋ' ಎಂಬ ಗುರುಶಾಂತಪ್ಪನವರ ಗಂಟಲು.
ಅವರೂ ಎಲ್ಲೂ ಇಲ್ಲ.

ಬೆಳಿಗ್ಗೆ ಇನ್ನೂರ ಹನ್ನೊಂದು ಆಗಿದ್ದವು.
ಒಂದು ಮಾತ್ರ ಸೊನ್ನೆ ಕೆಬಿ,
ಹೆಸರು 'ಹೊಸದು ಎರಡು' ಎಂದಷ್ಟೇ.
ಯಾರದ್ದೋ. ಅಳಿಸಲಿಲ್ಲ.

ಮಧ್ಯಾಹ್ನ ಬಾಣಾವರದಿಂದ ಇಂದ್ರಾಣಿ ಬಂದಳು.
'ಪೂರ್ತಿ ಬೇಡ, ನಮ್ಮಜ್ಜಿ ಬರೋದಷ್ಟು ತೋರಿಸಿ.'
ಪಂಕ್ತಿಯ ಕೊನೆಗೆ ತುಪ್ಪದ ಗಿಂಡಿ ಹಿಡಿದು
ಬಗ್ಗಿ ಬಡಿಸುತ್ತಿದ್ದ ಮುದುಕಿ
ಬೆಳಕು ಬಿದ್ದದ್ದೇ ತಲೆಯೆತ್ತಿ
ಕಣ್ಣಿಗೆ ಕೈ ಅಡ್ಡ ಹಿಡಿದಳು.
ನೇರ ಈ ಕಡೆಗೇ:
'ಕಣ್ಣಿಗೆ ಹೊಡೀಬ್ಯಾಡ್ವೋ ಮುಂಡೇದೆ. ಉಂಡ್ಯಾ ನೀನು?'

ಇಂದ್ರಾಣಿ ಹಿಂದಕ್ಕೆ ಎಳೆಸಿದಳು, ಮತ್ತೆ ಎಳೆಸಿದಳು.
'ಯಾರಿಗೆ ಹೇಳ್ತಿದಾಳೆ ಇವಳು?'
'ಲೈಟಿನವನಿಗೆ' ಅಂದೆ.
ಪೆನ್‌ಡ್ರೈವ್ ಕಿತ್ತು ಕೊಟ್ಟೆ. ನೂರೈವತ್ತು ರೂಪಾಯಿ.
ಐನೂರರ ನೋಟು ಕೊಟ್ಟಳು.
ಚಿಲ್ಲರೆ ಇರಲಿಲ್ಲ,
ಪಕ್ಕದ ಬೇಕರಿಗೆ ಹೋಗಿ ಒಂದಷ್ಟು ಹೊತ್ತು ನಿಂತು
ತಂದೆ.